ಹಿತ್ತಲಿನ ಹೌದ

ಅಂದು ಬೆಳಿಗ್ಗೆ ನಲ್ಲಿ ನಿಲ್ಲುವುದರೊಳಗೆ ಕೊಡಗಳನ್ನೆಲ್ಲ ತುಂಬಿಸಿ, ಮಂಡಕ್ಕಿಗೆ ಒಗ್ಗರಣೆ ಹಾಕಿ, ಅತ್ತೆಗೆ ಕೋಣೆಯಲ್ಲೇ ಚಹಾ ಕೊಟ್ಟು ಬಂದೆ. ಬಚ್ಚಲಲ್ಲಿ ಜಾರಿ ಬಿದ್ದ ಮೇಲೆ ಅವರು ಆ ಕೋಣೆ ಬಿಟ್ಟು ಬರುವುದೇ ಅಪರೂಪ. ದಿನಾ ನೀರಿನಲ್ಲಿ ಕಾಲು ಬಿಟ್ಟು ಆಡಿಸದಿದ್ದರೆ ಮಂಡಿ ಹಾಗೇ ಸೆಟೆದುಕೊಳ್ಳುತ್ತದೆ ಎಂದು ಡಾಕ್ಟರು ಹೇಳಿದ್ದರು.

ಹರಪನಹಳ್ಳಿಯ ಈ ಮನೆಗೆ ನಾನು ಬಂದಿದ್ದು ಮೈಸೂರಿನ ಕಾನ್ವೆಂಟಿನಲ್ಲಿ ಓದಿ. ನೀರಿನ ತೊಟ್ಟಿಗೆ ಇಲ್ಲಿ ಹೌದ ಎನ್ನುತ್ತಾರೆ. ಹೊಸತರಲ್ಲಿ ನಾನದನ್ನು ಒಪ್ಪಿಗೆಯ ಮಾತೆಂದುಕೊಂಡು ನಗೆಪಾಟಲಾಗಿದ್ದೆ. ಕಲಿತ ಮಾತು ಬಳಸುವ ಹುರುಪಿನಲ್ಲಿ ಗೌಂಡಿಗೂ ಹಿತ್ತಲಲ್ಲಿ ಒಂದು ಹೌದ ಕಟ್ಟಿಕೊಡಿ ಎಂದುಬಿಟ್ಟೆ. ನನಗೆ ಬೇಕಿದ್ದುದು ಅತ್ತೆ ಕಾಲು ಇಳಿಬಿಟ್ಟು ಕೂರುವ ತೊಟ್ಟಿ; ಅವರು ನೀರು ಸಂಗ್ರಹಿಸಲೆಂದು ತಿಳಿದು ಸೊಂಟದೆತ್ತರ ಗೋಡೆ ಎಬ್ಬಿಸಿದರು. ಇದ್ದ ಅಂಗೈಯಗಲ ಹಿತ್ತಲು ಅರ್ಧವಾಯಿತು.

ಅತ್ತೆ ಬಾಗಿಲಲ್ಲೇ ನಿಂತು ನೋಡಿದರು. "ಏನವ್ವಾ, ನನ್ನ ಇದ್ರಾಗ ಇಟ್ಟು ಮ್ಯಾಲ ಮುಚ್ಚಬೇಕಂತ ಮಾಡೀಯೇನು?"

ಹಾಗಂದ ಮೇಲೆ ಅವರು ಮತ್ತೆ ಆ ಕಡೆ ಮುಖ ಹಾಕಲಿಲ್ಲ.

ಗೋಡೆ ಒಡೆಸಿ, ತೊಟ್ಟಿಯನ್ನು ನೆಲದೊಳಕ್ಕೆ ಇಳಿಸಿದೆವು. ಅಂಚಿಗೂ ಅಂಗಳಕ್ಕೂ ಒಂದೇ ಕಡಪ ಕಲ್ಲು ಹಾಸಿದ್ದರಿಂದ ಕಣ್ಣು ಎಲ್ಲೂ ಎಡವದೆ ಕೊನೆಯವರೆಗೆ ಹೋಗುತ್ತಿತ್ತು. ಹಿಂದೆ ಓಣಿ ಇದ್ದುದರಿಂದ ಕಾಂಪೌಂಡ್ ತಗ್ಗಿಸುವಂತಿರಲಿಲ್ಲ. ಅದಕ್ಕೆ ಸುಣ್ಣದಲ್ಲಿ ಬಟ್ಟೆಯ ನೀಲಿ ಕಲಸಿ ಬಳಿದೆ. ಸೌದೆ, ಹಳೆ ಡಬ್ಬಿಗಳು ಮಾಳಿಗೆ ಸೇರಿದವು. ಅಂದು ಮಧ್ಯಾಹ್ನ ಟ್ಯಾಂಕರ್ ತರಿಸಿ ಮೊದಲ ಸಲ ನೀರು ತುಂಬಿಸಿದಾಗ ಓಣಿಯ ಬೇವಿನ ಮರ ತಲೆಕೆಳಗಾಗಿ ನಮ್ಮ ಹಿತ್ತಲಿಗೆ ಬಂದು ನಿಂತಿತ್ತು.

ಅತ್ತೆಯನ್ನು ಕರೆಯಲು ಧೈರ್ಯವಾಗಲಿಲ್ಲ. ಪಾತ್ರೆ ತೊಳೆಯುತ್ತ ಕೂತೆ. ಬಹಳ ಹೊತ್ತಿನ ಮೇಲೆ ಗೋಡೆ ಹಿಡಿದುಕೊಂಡು ಅವರೇ ಬಂದರು. ಹೊಸ್ತಿಲಲ್ಲಿ ನಿಂತು ಕಣ್ಣು ಕಿರಿದು ಮಾಡಿದರು.

"ಗ್ವಾಡಿ ಹಿಂದಕ್ಕ ಸರಿಸೀರೇನು?"

ಇಲ್ಲ, ಗೋಡೆ ಇದ್ದಲ್ಲೇ ಇದೆ ಅಂದೆ. ನಂಬಿದಂತೆ ಕಾಣಲಿಲ್ಲ. ನನ್ನ ಭುಜ ಹಿಡಿದು ಕಲ್ಲಿನ ಮೇಲೆ ಕೂತು, ಸೀರೆ ಮೊಣಕಾಲಿಗೆ ಎತ್ತಿಕೊಂಡು, ಮೊದಲು ಹೆಬ್ಬೆರಳು ಅದ್ದಿದರು. ಆಮೇಲೆ ಎರಡೂ ಕಾಲು. ನೋಯುವ ಕಾಲು ನೀರಿನಲ್ಲಿ ಮೆಲ್ಲಗೆ ಅಲುಗಿತು. ನಾನು ತೊಳೆದ ತಟ್ಟೆಯನ್ನೇ ಮತ್ತೆ ತೊಳೆದೆ.

ಸಂಜೆ ಪಕ್ಕದ ಮನೆಯಾಕೆ ತಮ್ಮ ಮಾಳಿಗೆ ಮೇಲೆ ಬಟ್ಟೆ ತೆಗೆಯುತ್ತಿದ್ದವರು ಕೆಳಗೆ ಬಗ್ಗಿ, ಇನ್ನೂ ನೀರಿನಲ್ಲೇ ಕಾಲು ಬಿಟ್ಟು ಕೂತಿದ್ದ ಅತ್ತೆಯನ್ನು ನೋಡಿ, "ನಿಮ್ಮತ್ತೀನ ಎತ್ತಿ ಒಣಾಕ್ರೀ ಇನ್ನ, ನೆಂದು ಹಪ್ಪಳ ಆಗ್ಯಾರ" ಎಂದು ಬಟ್ಟೆ ಹೊತ್ತುಕೊಂಡು ಇಳಿದುಹೋದರು.