ಅವಳು ಕೇಳಿದ್ದು ನನ್ನನ್ನಲ್ಲ

ಹೊಟ್ಟೆಕಿಚ್ಚು ಸಣ್ಣ ಮನಸ್ಸಿನವರ ರೋಗ ಎನ್ನುತ್ತಾರೆ. ಇರಲಿ, ನನ್ನ ಮನಸ್ಸು ಇರುವುದೇ ಅಷ್ಟು.

ನಾನು ದಿನಾ ಬ್ಯಾಡಗಿಯಿಂದ ಬಸ್ಸು ಹಿಡಿದು ರಾಣೆಬೆನ್ನೂರಿನ ಬೀಜದ ಕಂಪನಿಯೊಂದಕ್ಕೆ ಕೆಲಸಕ್ಕೆ ಹೋಗುತ್ತೇನೆ. ಪರೀಕ್ಷೆಗೆಂದು ಹೊಲದಲ್ಲಿ ಹಾಕಿದ ಮೆಣಸಿನಕಾಯಿ ತಳಿಗಳ ಇಳುವರಿ ನಮ್ಮ ಕಂಪ್ಯೂಟರಿಗೆ ಬರುತ್ತದೆ. ಯಾವ ತಳಿ ನಿಜಕ್ಕೂ ಮೇಲು, ಯಾವುದು ಒಳ್ಳೆಯ ಮಣ್ಣು ಸಿಕ್ಕಿದ್ದಕ್ಕೆ ಮೆರೆಯುತ್ತಿದೆ ಎಂಬುದನ್ನು ಸಂಖ್ಯಾಶಾಸ್ತ್ರದ ಪ್ರೋಗ್ರಾಂ ಬರೆದು ಹೇಳಬೇಕು. ಈ ಕೆಲಸಕ್ಕೆ ಇರುವವರು ಇಬ್ಬರೇ, ನಾನು ಮತ್ತು ಪಕ್ಕದ ಮೇಜಿನ ಮೋಟೆಬೆನ್ನೂರಿನ ಹುಡುಗಿ.

ಬಂದ ದಿನದಿಂದ ಅವಳು ನನ್ನನ್ನು ಅಕ್ಕಾರ ಎಂದೇ ಕರೆದಳು. ಪ್ರೋಗ್ರಾಂ ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಒಂಚೂರು ನೋಡ್ರಿ ಅನ್ನುವಳು. ನಾನು ಕುರ್ಚಿ ಎಳೆದುಕೊಂಡು, ಅವಳ ಕೈಯಿಂದ ಮೌಸ್ ತೆಗೆದುಕೊಂಡು, ಟಕಟಕನೆ ಸರಿಮಾಡಿ, ನಡಿ ಚಹಾ ಕುಡಿಯೋಣ ಎಂದು ಎಬ್ಬಿಸುತ್ತಿದ್ದೆ. ಮನೆಯಲ್ಲಿ ನನ್ನನ್ನು ಯಾರೂ ಏನೂ ಕೇಳುವುದಿಲ್ಲ, ಇಸ್ತ್ರಿ ಮಾಡಿದ ಅಂಗಿ ಎಲ್ಲಿದೆ ಎಂಬುದರ ಹೊರತು. ನನ್ನ ಬುದ್ಧಿಯೂ ಒಬ್ಬರಿಗೆ ಬೇಕು ಎಂಬ ಸುಖ ಸಿಗುತ್ತಿದ್ದದ್ದು ಆ ಮೇಜಿನ ಹತ್ತಿರ ಮಾತ್ರ.

ಈ ಮಳೆಗಾಲದಲ್ಲಿ ಅವಳು ಕೇಳುವುದನ್ನು ನಿಲ್ಲಿಸಿದಳು. ಕೆಲಸವೇನೂ ನಿಂತಿರಲಿಲ್ಲ. ಓರೆಗಣ್ಣಿನಲ್ಲಿ ನೋಡಿದೆ. ಇಂಟರ್ನೆಟ್ಟಿನಲ್ಲಿ ಒಂದು ಬಳಗ ಹಿಡಿದಿದ್ದಳು. ಅಲ್ಲಿ ತೊಡಕು ಬರೆದಿಟ್ಟರೆ ಯಾವುದೋ ದೇಶದವರು ಬಿಡಿಸುತ್ತಾರೆ. ಅಲ್ಲಿನ ರಿವಾಜೇ ಬೇರೆ. ನಮಸ್ಕಾರ, ಆರಾಮೇನ್ರಿ ಏನೂ ಇಲ್ಲ. ತೊಡಕನ್ನು ನಾಲ್ಕಾರು ಸಾಲಿನ ಪುಟ್ಟ ಮಾದರಿಯಾಗಿ ಕತ್ತರಿಸಿ, ತಾನು ಏನೇನು ಮಾಡಿ ನೋಡಿದೆ ಎಂದು ಹೇಳಿ ಮುಂದಿಡಬೇಕು. ಗಡ್ಡದ ಫೋಟೊದವನೊಬ್ಬ ಅವಳಿಗೆ ಲಗುಬಗೆಯಿಂದ ಉತ್ತರಿಸುತ್ತಿದ್ದ. ಅವನ ಉತ್ತರ ಓದಿ ಅವಳ ಮುಖ ಅರಳಿದಾಗೆಲ್ಲ ನನ್ನ ಹೊಟ್ಟೆಯೊಳಗೆ ಖಾರ ಕುಟ್ಟಿದಂತಾಗುತ್ತಿತ್ತು. ಒಂದು ದಿನ ಚಹಾ ಕುಡಿಸದವನಿಗೆ ಇಷ್ಟು ಮರ್ಯಾದೆ. ಹಿತ್ತಲ ಗಿಡ ಮದ್ದಲ್ಲ ಎಂದು ಸುಮ್ಮನೆ ಹೇಳಿಲ್ಲ.

ಒಂದು ಭಾನುವಾರ ಊಟ ಮುಗಿಸಿ ನಾನೂ ಬೇರೆ ಹೆಸರಿನಲ್ಲಿ ಆ ಬಳಗ ಸೇರಿದೆ. ಅವಳ ಪ್ರಶ್ನೆ ಸಿಗಲು ತಡವಾಗಲಿಲ್ಲ. ತಳಿಗಳ ನಿಜವಾದ ಹೆಸರು ಕಂಪನಿಯ ಗುಟ್ಟಲ್ಲವೇ, ಅದಕ್ಕೆ ಬದನಿ, ಹೀರಿ, ಚವಳಿ ಎಂದು ನಮ್ಮ ಕಡೆಯ ತರಕಾರಿಗಳ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದಳು. ಲೋಕದಲ್ಲಿ ಇನ್ಯಾರು ಹಾಗೆ ಬರೆದಾರು? ತೊಡಕು ಹಳೆಯದೇ, ನಾನೇ ಎಷ್ಟೋ ಸಲ ಸರಿಮಾಡಿಕೊಟ್ಟದ್ದು. ಗಡ್ಡದವನು ಏಳುವ ಮೊದಲೇ ತಿದ್ದಿದ ಸಾಲೊಂದನ್ನು ಬರೆದು ಹಾಕಿದೆ. ತಕ್ಷಣ ಅಲ್ಲಿನ ಹಳಬರೊಬ್ಬರು ಗದರಿದರು. ಬರೀ ಸಾಲು ಕೊಟ್ಟರೆ ಸಾಲದು, ಕಾರಣ ಹೇಳಿ ಎಂದರು. ಸಿಟ್ಟು ಬಂತು. ಆದರೆ ಮಾಡುವುದೇನು, ಅವಳ ಮೌಸ್ ಅಲ್ಲಿಂದ ನನ್ನ ಕೈಗೆ ಎಟುಕುವಂತಿರಲಿಲ್ಲ.

ಕುಳಿತು ಬರೆದೆ. ಹೊಲದ ತುಂಡುಗಳಿಗೆ ಒಂದು, ಎರಡು, ಮೂರು ಎಂದು ನಂಬರು ಕೊಟ್ಟರೆ ಕಂಪ್ಯೂಟರು ಅದನ್ನು ಅಳತೆ ಎಂದು ತಿಳಿಯುತ್ತದೆ. ಓಣಿಯ ಮನೆಗಳಿಗೂ ನಂಬರಿರುತ್ತದೆ, ಹಾಗೆಂದು ಮೂರನೇ ಮನೆ ಒಂದನೆಯದರ ಮೂರುಪಟ್ಟು ಆಗುವುದಿಲ್ಲ. ಇದು ಹೆಸರು, ಅಳತೆಯಲ್ಲ ಎಂದು ಅದಕ್ಕೆ ಮೊದಲೇ ತಿಳಿಸಬೇಕು. ಬರೆದು ಮುಗಿಸಿದಾಗ ಸಂಜೆಯಾಗಿತ್ತು. ಗಡ್ಡದವನನ್ನು ಸೋಲಿಸಿದ ಖುಷಿಗೆ ಆವತ್ತು ಮನೆಯವರಿಗೆಲ್ಲ ಮಿರ್ಚಿ ಭಜಿ ಮಾಡಿ ಹಾಕಿದೆ.

ಮರುದಿನ ನಾನು ಚೀಲ ಇಡುವ ಮೊದಲೇ ಅವಳು ಕರೆದಳು.

"ಅಕ್ಕಾರ, ಇಲ್ಲಿ ಬರ್ರಿ. ಯಾರೋ ಹೊಸಬರು ಬರದಾರ. ಈ ತಪ್ಪು ಯಾಕ ಆಗತೈತಿ ಅಂತ ಖರೇ ಇವತ್ತ ತಿಳೀತು ನೋಡ್ರಿ."

ಇದನ್ನು ನಾನೂ ಮಾಡಿಕೊಟ್ಟಿದ್ದೆನಲ್ಲ ಎಂದೆ.

"ನೀವು ಮಾಡಿಕೊಟ್ಟಿದ್ರಿ. ಇವರು ತಿಳಿಸಿಕೊಟ್ಟಾರ." ಅವಳ ದನಿಯಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಜಗಳವನ್ನಾದರೂ ತೆಗೆಯುತ್ತಿದ್ದೆ.

ಅದು ನಾನೇ ಎನ್ನಲು ಬಾಯಿ ತೆರೆದೆ. ಹೇಳಿದರೆ, ಬೇರೆ ಹೆಸರು ಯಾಕೆ ಎಂದು ಕೇಳಿದಾಗ ಏನೆನ್ನಲಿ? ಗಡ್ಡದವನ ಮೇಲಿದ್ದ ಕಿಚ್ಚೆಲ್ಲ ನಾನೇ ಹುಟ್ಟಿಸಿದ ಆ ಹೊಸಬಳ ಮೇಲೆ ತಿರುಗಿತು. ನನ್ನ ವಿದ್ಯೆ, ನನ್ನ ಭಾನುವಾರ, ಹೆಸರು ಮಾತ್ರ ಅವಳಿಗೆ.

"ಇನ್ನೊಂದು ಅಡಚಣಿ ಐತ್ರಿ. ನಿಮಗ ತೋರಸಲೇನ್ರಿ, ಅವರಿಗೇ ಕೇಳಲೇನ್ರಿ?"

ನನಗೇ ತೋರಿಸು ಎಂದೆ. ತಿಂಗಳುಗಳಾದ ಮೇಲೆ ಮತ್ತೆ ಆ ಮಾತು ಕೇಳಿಸಿಕೊಂಡಿದ್ದೆ, ಕುರ್ಚಿ ಎಳೆದುಕೊಂಡೆ. ಅವಳು ಹೇಳತೊಡಗಿದಳು. ಅರ್ಧಕ್ಕೇ ನನಗೆ ಹೊಳೆದುಬಿಟ್ಟಿತು. ಗುಂಪು ಮಾಡುವ ಸಾಲನ್ನು ಸರಾಸರಿಯ ಸಾಲಿಗಿಂತ ಮೇಲೆ ಹಾಕು, ಮುಗಿಯಿತು ಎಂದೆ. ಹಾಕಿದಳು. ಪ್ರೋಗ್ರಾಂ ಸರಾಗವಾಗಿ ಓಡಿತು.

"ಹೂಂ, ಆತ್ರಿ" ಎಂದಳು. ಆಮೇಲೆ ಆ ಬಳಗವನ್ನು ತೆರೆದು, ಅದೇ ಪ್ರಶ್ನೆಯನ್ನು ಆ ಹೊಸಬರಿಗೆ ಬರೆಯಲು ಕುಳಿತಳು.