ಟೈಟಣ್ಣನ ಹಳದಿ ಗೆರೆ

ಬಸ್ ಡಿಪೋದಲ್ಲಿ ಅವನ ನಿಜವಾದ ಹೆಸರು ಹಿಡಿದು ಕೂಗಿದರೆ ಅವನೇ ತಿರುಗಿ ನೋಡುತ್ತಿರಲಿಲ್ಲ. ಇಪ್ಪತ್ತಾರು ವರ್ಷದಿಂದ ಅವನು ಎಲ್ಲರಿಗೂ ಟೈಟಣ್ಣ. ಹೊಸದಾಗಿ ಸೇರಿದವರು ಈ ಹೆಸರು ಕೇಳಿ ಮುಸಿಮುಸಿ ನಗುತ್ತಿದ್ದರು, ದಿನಾ ಎಲ್ಲಿ ಕುಡಿದು ಬರುತ್ತಾನಪ್ಪ ಇವನು ಎಂದು. ಆಸಾಮಿ ಕುಡುಕರನ್ನು ಕಂಡರೆ ರಸ್ತೆ ದಾಟಿ ಆಚೆ ಬದಿಗೆ ಹೋಗುವವನು. ಹೆಸರು ಬಂದದ್ದು ಚಕ್ರದ ನಟ್ಟುಗಳಿಂದ.

ಆ ಒಂದು ಇಂಗ್ಲಿಷ್ ಪದ ಅವನ ಬಾಯಲ್ಲಿ ಎಲ್ಲದಕ್ಕೂ ಒದಗಿಬರುತ್ತಿತ್ತು. ಬಿಡುವಿಲ್ಲದ ದಿನ ಟೈಟು, ತಿಂಗಳ ಕೊನೆ ಟೈಟು, ಹೊಸ ಚಪ್ಪಲಿ ಟೈಟು. ಯಾರ ಮುಲಾಜಿಗೂ ಬೀಳದ ಮ್ಯಾನೇಜರು ಟೈಟ್ ಮನುಷ್ಯ. ನೆಗಡಿಯಾದರೆ ಎದೆ ಟೈಟು. ಮಗಳು ಮದುವೆಯಾಗಿ ಹೊರಟು ನಿಂತಾಗ, "ಗಂಟಲು ಟೈಟಾಗಿದೆ, ನೀನೇ ಏನಾದ್ರೂ ಹೇಳು" ಎಂದು ಹೆಂಡತಿಯನ್ನು ಮುಂದೆ ತಳ್ಳಿ ಗೋಡೆಯ ಕಡೆ ತಿರುಗಿಕೊಂಡಿದ್ದ. "ದೇವರು ಇವರಿಗೆ ಒಂದೇ ಮಾತು ಕೊಟ್ಟು ಕಳಿಸಿದ್ದಾನೆ" ಎಂದು ಅವಳು ನೆಂಟರ ಮುಂದೆ ನಗುತ್ತಿದ್ದಳು. ಅವಳಿಗಿದ್ದ ದೊಡ್ಡ ದೂರು ಅಡುಗೆಮನೆಯದು. ಗಂಡ ಮುಚ್ಚಿದ ಡಬ್ಬಿ ತೆರೆಯಬೇಕಾದರೆ ಗಂಡನೇ ಬರಬೇಕಾಗಿತ್ತು.

ಡಿಪೋದಲ್ಲಿ ಮಾತ್ರ ಆ ಮಾತಿಗೆ ಒಂದೇ ಅರ್ಥ, ಅದರಲ್ಲಿ ತಮಾಷೆ ಇಲ್ಲ. ಚಕ್ರಕ್ಕೆ ಹತ್ತು ನಟ್ಟು. ಮೊದಲು ಎದುರುಬದುರಾಗಿ ಕೈಯಲ್ಲಿ ತಿರುಗಿಸಬೇಕು, ಜಾಕ್ ಇಳಿಸಬೇಕು, ಆಮೇಲೆ ಸ್ಪ್ಯಾನರಿನ ಹಿಡಿಗೆ ಉದ್ದನೆಯ ಪೈಪು ಸಿಕ್ಕಿಸಿ ಮೈಭಾರ ಹಾಕಿ ಎಳೆಯಬೇಕು. ಕೊನೆಗೆ ಪ್ರತಿ ನಟ್ಟಿನಿಂದ ಚಕ್ರದ ಮೇಲಕ್ಕೆ ಒಂದು ಹಳದಿ ಬಣ್ಣದ ಗೆರೆ. ನಟ್ಟು ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿದು ಕಾಣುತ್ತದೆ. ಬಣ್ಣ ಹಸಿಯಾಗಿರುವಾಗಲೇ ಡ್ರೈವರು ಕಿಟಕಿಯಿಂದ ತಲೆ ಹಾಕಿ "ಟೈಟಾ?" ಎಂದು ಕೇಳುತ್ತಾನೆ. ಪೈಪು ಎಳೆದವನು "ಟೈಟು" ಎನ್ನುತ್ತಾನೆ. ಎಂಜಿನ್ ಶುರುವಾಗುವುದು ಆಮೇಲೆ. ಬಿಗಿ ಅಳೆಯುವ ಸ್ಪ್ಯಾನರು ಒಂದಿತ್ತು. ಅದು ಕೆಟ್ಟು ಬೀರು ಸೇರಿ ವರ್ಷಗಳಾಗಿದ್ದವು. ಟೈಟಣ್ಣನ ಮಣಿಕಟ್ಟು ಇರುವಾಗ ಅದರ ರಿಪೇರಿಗೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ?

ಆ ಮಣಿಕಟ್ಟು ಐದು ತಿಂಗಳಿಂದ ಬೆಳಿಗ್ಗೆ ಎದ್ದಾಗ ಜೋಮು ಹಿಡಿಯುತ್ತಿತ್ತು. ಎರಡು ಸಲ ಚಹಾದ ಲೋಟ ಕೈಯಿಂದ ಜಾರಿತು. ಡಾಕ್ಟರು ಬೆರಳುಗಳನ್ನು ಮಡಿಸಿ ಬಿಡಿಸಿ, "ನರ ಸೋತಿದೆ. ಭಾರ ಎಳೆಯೋ ಕೆಲಸ ಬಿಡಿ" ಎಂದು ಚೀಟಿ ಬರೆದುಕೊಟ್ಟರು. ಟೈಟಣ್ಣ ಚೀಟಿಯನ್ನು ನಾಲ್ಕಾಗಿ ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡ, ಯಾರಿಗೂ ತೋರಿಸಲಿಲ್ಲ. ನಿವೃತ್ತಿಗೆ ಆಗ ಹತ್ತೇ ತಿಂಗಳು. ಅಷ್ಟನ್ನು ಹೇಗೋ ತಳ್ಳಿಬಿಡಬಹುದು ಎಂದುಕೊಂಡ. ಹೆಂಡತಿ ಒಂದು ದಿನ, "ಈಗೀಗ ಡಬ್ಬಿ ಮುಚ್ಚಳ ನನ್ನ ಕೈಗೇ ಬರುತ್ತೆ ಕಣ್ರೀ. ಕೊನೆಗೂ ಬುದ್ಧಿ ಬಂತು ನಿಮಗೆ" ಎಂದಾಗ ಅವನೂ ಅವಳ ಜೊತೆ ನಕ್ಕಿದ್ದ.

ಆ ಬೆಳಿಗ್ಗೆ ಹನ್ನೊಂದನೇ ನಂಬರ್ ಬಸ್ಸಿನ ಮುಂದಿನ ಎಡ ಚಕ್ರ ಪಂಕ್ಚರಾಗಿತ್ತು. ಟೈಟಣ್ಣ ಬೇರೆ ಚಕ್ರ ಹಾಕಿದ, ಪೈಪು ಎಳೆದ, ಹತ್ತು ಗೆರೆ ಬರೆದ. ಡ್ರೈವರು, ಅವನ ಮಗಳ ವಯಸ್ಸಿನವನು, ಕಿಟಕಿಯಿಂದ ಬಗ್ಗಿ ಕೇಳಿದ: "ಟೈಟಾ, ಅಣ್ಣಾ?"

"ಟೈಟು, ನಡಿ."

ಎಂಟು ಗಂಟೆಗೆ ಬಸ್ಸು ಗೇಟು ದಾಟಿತು. ಒಂಬತ್ತೂವರೆಗೆ ಟೈಟಣ್ಣ ತನ್ನ ಚೀಲ ತೆಗೆದ. ಚೀಲವೆಲ್ಲ ಒದ್ದೆ. ಬೆಳಿಗ್ಗೆ ತಾನೇ ಮುಚ್ಚಳ ತಿರುಗಿಸಿದ್ದ ನೀರಿನ ಬಾಟಲಿ ಸೋರಿತ್ತು. ಅದನ್ನು ಮತ್ತೆ ಹಲ್ಲುಕಚ್ಚಿ ತಿರುಗಿಸಿ, ಇನ್ನು ಸಾಧ್ಯವಿಲ್ಲ ಅನ್ನಿಸುವವರೆಗೆ ತಿರುಗಿಸಿ, ತಲೆಕೆಳಗು ಹಿಡಿದ. ತೊಟ್ಟಿಕ್ಕಿತು. ಪಕ್ಕದಲ್ಲಿ ಕಸ ಗುಡಿಸುತ್ತಿದ್ದ ಹೆಂಗಸು, "ಕೊಡಿ ಇಲ್ಲಿ" ಎಂದು ಎರಡೇ ಬೆರಳಿನಲ್ಲಿ ಅರ್ಧ ಸುತ್ತು ತಿರುಗಿಸಿ ಕೊಟ್ಟಳು. ನೀರು ನಿಂತಿತು.

ಟೈಟಣ್ಣನಿಗೆ ಹೆಂಡತಿಯ ಡಬ್ಬಿಗಳು ನೆನಪಾದವು. ಇಷ್ಟು ದಿನ ಕೈ ನೋಯುತ್ತದೆ ಎಂದಷ್ಟೇ ತಿಳಿದಿದ್ದ. ಅದು ಸುಳ್ಳು ಹೇಳುತ್ತದೆ ಎಂದು ತಿಳಿದಿರಲಿಲ್ಲ. ಇನ್ನು ಬಿಗಿಯಲಾರದು ಎಂದು ಕೈ ಹೇಳಿದ ಜಾಗದಲ್ಲಿ ಇನ್ನೂ ಅರ್ಧ ಸುತ್ತು ಉಳಿದಿರುತ್ತಿತ್ತು. ಹನ್ನೊಂದನೇ ನಂಬರು ಒಂಬತ್ತೂ ಮುಕ್ಕಾಲಿಗೆ ಸೇತುವೆ ದಾಟಿ ಬೆಟ್ಟದ ದಾರಿ ಹಿಡಿಯುತ್ತದೆ. ಒಳಗೆ ಕಡಿಮೆಯೆಂದರೂ ನಲವತ್ತು ಜನ.

ಆದರೂ ಅವನು ತಕ್ಷಣ ಏಳಲಿಲ್ಲ. ಹೇಳಿದರೆ ನಾಳೆಯಿಂದ ಗೇಟಿನ ಸ್ಟೂಲಿನ ಮೇಲೆ ಕೂರಿಸುತ್ತಾರೆ, ಇಪ್ಪತ್ತಾರು ವರ್ಷದ ಹೆಸರು ಒಂದೇ ದಿನಕ್ಕೆ ನಗೆಪಾಟಲಾಗುತ್ತದೆ. ಆ ನಲವತ್ತು ಜನರಿಗಿಂತ ಮೊದಲು ಮನಸ್ಸಿಗೆ ಬಂದದ್ದು ಇದೇ. ಹಾಗೆ ಬಂತಲ್ಲ ಎಂದು ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಒದ್ದೆ ಚೀಲ ಅಲ್ಲೇ ಬಿಟ್ಟು ಕಂಟ್ರೋಲರ್ ರೂಮಿಗೆ ಓಡಿದ.

"ಹನ್ನೊಂದನ್ನ ಸೇತುವೆ ಸ್ಟಾಪಿನಲ್ಲೇ ನಿಲ್ಲಿಸಿ. ಮುಂದಿನ ಎಡ ಚಕ್ರ ನೋಡ್ಬೇಕು."

"ಯಾಕೆ? ನೀವೇ ಹಾಕಿದ್ದಲ್ವಾ?" ಎಂದ ಕಂಟ್ರೋಲರ್.

"ನಾನೇ ಹಾಕಿದ್ದು, ಅದಕ್ಕೇ ಹೇಳ್ತಿರೋದು."

ಆಮೇಲಿನ ಇಪ್ಪತ್ತು ನಿಮಿಷ ಅವನು ಬಾಗಿಲ ಚೌಕಟ್ಟು ಹಿಡಿದು ನಿಂತ. ಫೋನು ಬಂತು. ಕಂಟ್ರೋಲರ್ ಕೇಳಿಸಿಕೊಂಡು ನಕ್ಕ. "ಎಲ್ಲ ಸರಿಯಾಗಿದೆಯಂತೆ. ಅಣ್ಣನಿಗೆ ಆರಾಮಾಗಿ ಟೀ ಕುಡಿಯೋಕೆ ಹೇಳಿ ಅಂದ ಡ್ರೈವರು."

ಟೈಟಣ್ಣ ಟೀ ಕುಡಿದ. ಗೇಟಿನ ಕಡೆ ನೋಡುತ್ತಲೇ ಇದ್ದ. ಸಂಜೆ ಐದಕ್ಕೆ ಬಸ್ಸು ಬಂದಾಗ ಡ್ರೈವರು ಅವನನ್ನು ಹಳೆಯ ಟೈರುಗಳ ರಾಶಿಯ ಹಿಂದೆ ಕರೆದುಕೊಂಡು ಹೋದ. ಸುತ್ತ ನೋಡಿ ದನಿ ತಗ್ಗಿಸಿದ.

"ಮೂರು ನಟ್ಟು ಅರ್ಧ ಸುತ್ತು ಬಂತು ಅಣ್ಣಾ. ನಾನೇ ಎಳೆದು ಸರಿ ಮಾಡ್ದೆ. ಯಾರಿಗೂ ಹೇಳಿಲ್ಲ, ಹೇಳೋದೂ ಇಲ್ಲ. ಇನ್ನು ಆರು ತಿಂಗಳು ತಾನೇ? ನೀವು ಹಾಕಿದ ಮೇಲೆ ನಾನು ಒಂದು ಸಲ ಎಳೀತೀನಿ, ಮುಗೀತು."

ಟೈಟಣ್ಣನಿಗೆ ಅವನ ಕೈ ಹಿಡಿದು ಅಳಬೇಕೆನ್ನಿಸಿತು. ಇಂಥ ಒಳ್ಳೆಯ ಮನಸ್ಸಿನ ಹುಡುಗನನ್ನು ತಾನು ಆ ದಾರಿಗೆ ಹಾಗೆ ಕಳಿಸಿದ್ದೆನಲ್ಲ ಎಂದುಕೊಂಡ.

"ನಿನ್ನ ಚಕ್ರ ನೀನು ನೋಡ್ಕೋತೀಯಪ್ಪ," ಎಂದ. "ಮಿಕ್ಕವರದು?"

ಟೈಟಣ್ಣ ಅಲ್ಲಿಂದ ನೇರ ಮ್ಯಾನೇಜರ ಕೋಣೆಗೆ ಹೋಗಿ, ಜೇಬಿನಿಂದ ಚೀಟಿ ತೆಗೆದು, ಮಡಿಕೆ ಬಿಡಿಸಿ ಮೇಜಿನ ಮೇಲಿಟ್ಟ. ಮ್ಯಾನೇಜರು ಓದಿದರು, ತಾರೀಖನ್ನು ಇನ್ನೊಮ್ಮೆ ನೋಡಿದರು.

"ನಾಲ್ಕು ತಿಂಗಳಾಯ್ತಲ್ರೀ."

"ಹೌದು ಸರ್."

"ಈ ನಾಲ್ಕು ತಿಂಗಳಲ್ಲಿ ಎಷ್ಟು ಚಕ್ರ ಹಾಕಿದ್ದೀರಿ?"

"ಎಪ್ಪತ್ತರ ಮೇಲಿರಬೇಕು."

ಮ್ಯಾನೇಜರು ಬೈಯಲಿಲ್ಲ. ಬೈದಿದ್ದರೆ ಸ್ವಲ್ಪ ಹಗುರವಾಗುತ್ತಿತ್ತು. ದಾರಿಯಲ್ಲಿದ್ದ ಬಸ್ಸುಗಳಿಗೆ ಆಗಲೇ ಫೋನು ಹೋಯಿತು. ಟೈಟಣ್ಣನ ಕೈ ಮುಟ್ಟಿದ ಚಕ್ರಗಳನ್ನು ಪರೀಕ್ಷಿಸದೆ ನಾಳೆ ಒಂದು ಬಸ್ಸೂ ಹೊರಡಕೂಡದು ಎಂದು ಬೋರ್ಡಿನ ಮೇಲೆ ಬರೆಸಿದರು.

ಮರುದಿನ ಬೆಳಿಗ್ಗೆ ಬಸ್ಸುಗಳು ಸಾಲಾಗಿ ನಿಂತವು. ಗೇಟಿನಾಚೆ ಪ್ರಯಾಣಿಕರು ತಡವಾಯಿತೆಂದು ಗೊಣಗುತ್ತಿದ್ದರು. ಕನ್ನಡಕ ಹಾಕಿದ್ದ ಫಿಟ್ಟರು, ಟೈಟಣ್ಣನೇ ಕೆಲಸ ಕಲಿಸಿದವನು, ಒಂದೊಂದೇ ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂತು ಪೈಪು ಎಳೆಯುತ್ತಾ ಬಂದ. ಹೆಚ್ಚಿನವು ಅಲ್ಲಾಡಲಿಲ್ಲ. ಕೆಲವು ಅಲ್ಲಾಡಿದವು. ನಟ್ಟು ಕಿರ್ರೆಂದು ತಿರುಗಿ ಹಳದಿ ಗೆರೆ ಎರಡು ತುಂಡಾದಾಗಲೆಲ್ಲ ಅವನು ಮೇಲೆ ನೋಡದೆ ಮುಂದಿನದಕ್ಕೆ ಸ್ಪ್ಯಾನರು ಹಾಕುತ್ತಿದ್ದ. ಬಣ್ಣದ ಡಬ್ಬಿ ಹಿಡಿದ ಟೈಟಣ್ಣ ಪಕ್ಕದಲ್ಲಿದ್ದ. ಮುರಿದ ಗೆರೆಯನ್ನು ಬಟ್ಟೆಯಿಂದ ಒರೆಸಿ ಹೊಸದು ಬರೆಯುವುದು, ಅವನಿಗೆ ಉಳಿದದ್ದು ಅಷ್ಟೇ. ಮಧ್ಯಾಹ್ನದೊಳಗೆ ಹದಿನೇಳು ಗೆರೆ ಒರೆಸಿದ್ದ. ಎಣಿಸಬಾರದೆಂದುಕೊಂಡರೂ ಎಣಿಸಿದ್ದ.

ಕೊನೆಗೆ ಬಂದದ್ದು ಹನ್ನೊಂದನೇ ನಂಬರು. ಕನ್ನಡಕದವನು ಹತ್ತೂ ನಟ್ಟು ಎಳೆದು ಎದ್ದ. ಡ್ರೈವರು ಕಿಟಕಿಯಿಂದ ತಲೆ ಹಾಕಿ, ಪೈಪು ಹಿಡಿದವನನ್ನು ಬಿಟ್ಟು, ಎಂದಿನಂತೆ ಟೈಟಣ್ಣನ ಮುಖ ನೋಡಿದ.

"ಟೈಟಾ, ಅಣ್ಣಾ?"

ಆ ಮಾತು ನಾಲಿಗೆಯ ತುದಿಯವರೆಗೆ ಬಂತು. ಇಪ್ಪತ್ತಾರು ವರ್ಷದ ಅಭ್ಯಾಸ, ತಾನಾಗಿಯೇ ಬಂತು. ಟೈಟಣ್ಣ ಬಾಯಿ ಮುಚ್ಚಿಕೊಂಡ. ಬ್ರಷ್ಷಿನಿಂದ ಕನ್ನಡಕದವನ ಕಡೆ ತೋರಿಸಿದ.

"ಎಳೆದವನನ್ನ ಕೇಳಪ್ಪ."

ಡ್ರೈವರು ಆ ಕಡೆ ತಿರುಗಿ ಕೇಳಿದ. ಕನ್ನಡಕದವನು ನೆಲ ನೋಡುತ್ತಾ "ಟೈಟು" ಎಂದ. ಎಂಜಿನ್ ಶುರುವಾಯಿತು.