ಮೀನಿನ ಊರಿನ ಹರಿದ ಬಲೆ

ಉಪ್ಪುಂದದ ಬಚ್ಚ ಖಾರ್ವಿಗೆ ಅರವತ್ತಮೂರು ವರ್ಷ. ಅದರಲ್ಲಿ ಐವತ್ತು ವರ್ಷ ಬಲೆಯ ಮುಂದೆಯೇ ಕಳೆದಿದೆ. ಹರಿದ ಬಲೆ ಕಂಡರೆ ಅವನ ಕೈ ಸುಮ್ಮನಿರುವ ಜಾತಿಯದಲ್ಲ. ಒಮ್ಮೆ ಮದುವೆ ಮನೆಗೆ ಹೋದವನು ಪಕ್ಕದಂಗಳದಲ್ಲಿ ಹರಡಿದ್ದ ಬಲೆ ಕಂಡು, ಊಟದ ಪಂಕ್ತಿ ಮರೆತು ಅಲ್ಲೇ ಕೂತುಬಿಟ್ಟಿದ್ದ. ಹೆಂಡತಿ ವನಜ ಅದನ್ನು ಇವತ್ತಿಗೂ ಆಡಿಕೊಂಡು ನಗುತ್ತಾಳೆ. ಇಂಥ ಮನುಷ್ಯನನ್ನು ಫ್ರಾನ್ಸಿಗೆ ಕರೆಸಿದರು ಅಂದರೆ ನಂಬುತ್ತೀರಾ?

ಕರೆಸಿದ್ದು ನಿಜ. ಅಲ್ಲಿ ಕಡಲ ದಂಡೆಯ ಒಂದು ಪುಟ್ಟ ಹಳೇ ಊರಿನವರು ವರ್ಷಕ್ಕೊಮ್ಮೆ ಬೇರೆ ಬೇರೆ ದೇಶದ ಬಲೆಗಾರರನ್ನು ಸೇರಿಸುತ್ತಾರಂತೆ. ಹಿಂದಿನ ವರ್ಷ ಉಪ್ಪುಂದದ ದಡಕ್ಕೆ ಬಂದಿದ್ದ ಆ ಊರಿನ ಹೆಂಗಸೊಬ್ಬಳು ಇವನ ಕೈಚಳಕ ನೋಡಿ ಹೋಗಿದ್ದಳು. ಬೈಂದೂರಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವ ಮಗಳು ಶ್ರೀಲತಾ ಮಾತಿಗೆ ಜೊತೆಯಾಗಿ ಹೊರಟಳು. ಊರಿನ ಹೆಸರು ಬಚ್ಚನ ನಾಲಿಗೆಗೆ ಕೊನೆವರೆಗೂ ಹತ್ತಲಿಲ್ಲ. ಅವನು ಅದನ್ನು ‘ಮೀನಿನ ಊರು’ ಅಂದ, ಅಷ್ಟೇ.

ಹಾಗನ್ನಲು ಕಾರಣವಿತ್ತು. ಊರ ಸುತ್ತಲಿನ ಕೋಟೆಯ ಬಾಗಿಲಿಗೆ ಬಂದವನೇ ಬಚ್ಚ ಕತ್ತೆತ್ತಿ ನಿಂತುಬಿಟ್ಟ. ಕಲ್ಲಿನ ಕಮಾನಿನ ನೆತ್ತಿಯಲ್ಲಿ, ನಮ್ಮಲ್ಲಿ ಗಣಪತಿ ಇರುವ ಜಾಗದಲ್ಲಿ, ಎರಡು ಮೀನು!

“ಕಾಣ್ ಮಗಾ! ಊರ್ ಬಾಗ್ಲ್ ಮೇಲ್ ಮೀನ್ ಕೆತ್ತಿರ್ ಕಾಣ್!”

“ಅದ್ ಈ ಊರಿನ ಗುರ್ತ್ ಅಪ್ಪಯ್ಯ. ನಾನ್ನೂರ್ ವರ್ಷದ್ದಂಬ್ರ್,” ಅಂದಳು ಶ್ರೀಲತಾ.

“ನಮ್ಮಲ್ ಮೀನ್ ಬುಟ್ಟಿ ತಕಂಡ್ ಬಸ್ಸ್ ಹತ್ರೆ ಕಂಡೆಕ್ಟ್ರ್ ಮೂಗ್ ಮುಚ್ಕಂತ. ಇಲ್ಲ್ ಕಾಣ್, ತಲಿ ಮೇಲ್ ಇಟ್ಕಂಡಿರ್!”

ಬಾವುಟದಲ್ಲಿ ಮೀನು, ಶಾಲೆಯ ಗೋಡೆಯಲ್ಲಿ ಮೀನು, ಚರಂಡಿಯ ಕಬ್ಬಿಣದ ಮುಚ್ಚಳದ ಮೇಲೂ ಮೀನು. ಬಚ್ಚ ಆ ಮುಚ್ಚಳ ತುಳಿಯದೆ ಸುತ್ತುಹಾಕಿ ನಡೆದ. ಅನ್ನ ಕೊಡುವುದನ್ನು ತುಳಿಯಲು ಅವನ ಕಾಲು ಬಾರದು.

ಆಮೇಲೆ ಇಗರ್ಜಿ, ಆ ಊರಿನ ಚರ್ಚು. ಒಳಗೆ ಕಾಲಿಟ್ಟವನ ಬಾಯಿಂದ ‘ಅಬ್ಬಾ!’ ಎಂಬುದೊಂದೇ ಬಂತು. ಆಳೆತ್ತರದ ಮರದ ದೋಣಿಯೊಂದು, ಹಾಯಿ ಹಗ್ಗ ಸಮೇತ, ಮೇಲಿನ ಮಾಡಿನಿಂದ ತೂಗುತ್ತಿತ್ತು. ಬಿರುಗಾಳಿಯಲ್ಲಿ ಉಳಿದು ಬಂದವರು ಹರಕೆಯಾಗಿ ಒಪ್ಪಿಸಿದ್ದಂತೆ. ಬಚ್ಚ ಚಪ್ಪಲಿ ಕಳಚಿ ಕೈಮುಗಿದ. ಇಷ್ಟು ದೂರ ಬಂದರೂ ಕಡಲಿಗೆ ಹೆದರುವ ಜನ, ಹರಕೆ ಹೊರುವ ಜನ ನಮ್ಮವರ ಹಾಗೆಯೇ ಇದ್ದಾರಲ್ಲ ಅಂತ ಅವನ ಎದೆ ತುಂಬಿತು.

ಅಷ್ಟರಲ್ಲಿ ಮರುದಿನದ ಕಾರ್ಯಕ್ರಮದ ವಿಷಯ ಮಾತಾಡಲು ಶ್ರೀಲತಾಳನ್ನು ಯಾರೋ ಹೊರಗೆ ಕರೆದರು. “ಇಲ್ಲೇ ಕೂಕೋ, ಈಗ್ ಬತ್ತೆ,” ಅಂತ ಅವಳು ಹೋದಳು. ಒಂದು ಗಂಟೆಯಾದರೂ ಪತ್ತೆಯಿಲ್ಲ.

ಬಚ್ಚ ಸುಮ್ಮನೆ ಕೂತಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಎರಡು ಕಂಬಗಳ ನಡುವೆ ಒಂದು ಹಳೇ ನೂಲಿನ ಬಲೆ ಕಟ್ಟಿದ್ದರು. ಅದರ ನಡುಮಧ್ಯೆ ಊಟದ ತಟ್ಟೆಯಷ್ಟು ದೊಡ್ಡ ತೂತು. ದೇವರ ಸನ್ನಿಧಿಯಲ್ಲಿ ಹರಿದ ಬಲೆ! ಇವರಿಗೆ ಬಲೆಗಾರ ಸಿಗಲಿಲ್ಲವೋ, ಪಾಪ, ಅದಕ್ಕೇ ನನ್ನನ್ನು ಕರೆಸಿದ್ದಾರೆ ಅಂದುಕೊಂಡ ಪುಣ್ಯಾತ್ಮ. ಚೀಲದಲ್ಲಿ ಸೂಜಿಯಿತ್ತು, ನೂಲಿತ್ತು, ಇಲ್ಲಿನವರೇ ಕೊಟ್ಟ ಕತ್ತರಿಯೂ ಇತ್ತು. ಹರಿದ ಬಲೆಯನ್ನು ಇದ್ದ ಹಾಗೇ ನೇಯಲು ಬರುವುದಿಲ್ಲ. ಜೋತಾಡುವ ತುದಿಗಳನ್ನು ಮೊದಲು ಕತ್ತರಿಸಿ ಚೊಕ್ಕ ಮಾಡಬೇಕು. ಬಚ್ಚ ಕತ್ತರಿಸಿದ. ಬಲೆಯ ಚೂರನ್ನು ನೆಲಕ್ಕೆ ಬಿಡಬಾರದೆಂದು ಅಂಗಿಯ ಕಿಸೆಗೆ ಹಾಕಿಕೊಂಡ. ಆಮೇಲೆ ಬಲೆಯ ಕಣ್ಣಿಗೆ ಕಣ್ಣು ಕೂಡಿಸಿ, ಗಂಟಿಗೆ ಗಂಟು ಬಿಗಿದು, ತೂತು ಮುಚ್ಚಿದ. ಎರಡು ಹೆಜ್ಜೆ ಹಿಂದೆ ಸರಿದು ನೋಡಿ ಖುಷಿಪಟ್ಟ.

ಶ್ರೀಲತಾ ಬಂದಾಗ ಜೊತೆಯಲ್ಲಿ ಇಗರ್ಜಿ ನೋಡಿಕೊಳ್ಳುವ ಮುದುಕಿ ಇವೊನ್ ಇದ್ದಳು. ಬಲೆ ಕಂಡದ್ದೇ ಆಕೆ ತೂತಿದ್ದ ಜಾಗವನ್ನು ಕೈಯಿಂದ ಸವರಿ ನೋಡಿದಳು. ತನಗೆ ಬರುವಷ್ಟು ಇಂಗ್ಲಿಷಿನಲ್ಲಿ ಏನೋ ಮೆಲ್ಲನೆ ಹೇಳಿದಳು. ಕೇಳಿಸಿಕೊಂಡ ಶ್ರೀಲತಾ ಅಪ್ಪನ ಕಡೆ ತಿರುಗಿದಳು.

“ಅಪ್ಪಯ್ಯಾ, ಎಂಥ ಕೆಲ್ಸ ಮಾಡ್ದೆ ನೀನ್!”

ಎಪ್ಪತ್ತು ವರ್ಷದ ಹಿಂದೆ ಒಂದು ದೋಣಿ ಆ ಊರಿಗೆ ತಿರುಗಿ ಬರಲಿಲ್ಲ. ದಡಕ್ಕೆ ಬಂದದ್ದು ಈ ಬಲೆ ಮಾತ್ರ, ಈ ತೂತಿನ ಸಮೇತ. ಇವೊನ್‌ಳ ಅಪ್ಪ ಆ ದೋಣಿಯಲ್ಲಿದ್ದ. ಅಂದಿನಿಂದ ಪ್ರತಿ ವರ್ಷ ಅದೇ ದಿನ ಊರಿಗೆ ಊರೇ ಸೇರಿ, ಒಬ್ಬೊಬ್ಬರಾಗಿ ಆ ತೂತಿನಲ್ಲಿ ಕೈ ತೂರಿಸುತ್ತಾರೆ. ಆ ದೋಣಿಯ ಮನೆಯವರೊಬ್ಬರು ಬಲೆಯ ಆಚೆ ನಿಂತು ಆ ಕೈ ಹಿಡಿಯುತ್ತಾರೆ, ಕಡಲಿಗೆ ಹೋದವರ ಪರವಾಗಿ. ಆ ದಿನ ನಾಳೆಯೇ. ಶ್ರೀಲತಾ ಇಷ್ಟು ಹೇಳುವಷ್ಟರಲ್ಲಿ ಎರಡು ಸಲ ತೊದಲಿದಳು. ಬಚ್ಚನ ತಮ್ಮ ನಾಗ ಹನ್ನೊಂದು ವರ್ಷದ ಹಿಂದೆ ಕಡಲಿಗೆ ಹೋದವನು ಹೆಣವಾಗಿಯೂ ಸಿಕ್ಕಿರಲಿಲ್ಲ. ಅಂದಿನಿಂದ ಅಪ್ಪನ ಬಾಯಲ್ಲಿ ಚಿಕ್ಕಪ್ಪನ ಹೆಸರನ್ನು ಅವಳು ಕೇಳಿಯೇ ಇಲ್ಲ.

ಬಚ್ಚನ ಐವತ್ತು ವರ್ಷದ ವಿದ್ಯೆ ಅವನನ್ನೇ ತಿರುಗಿ ಕಚ್ಚಿತ್ತು. “ನಂಗ್ ಗೊತ್ತಿಲ್ಲೆ ಮಗಾ. ಅವ್ರಿಗ್ ಹೇಳ್, ಇದ್ದಂಗೇ ಮಾಡ್ ಕೊಡ್ತೆ,” ಅಂದವನೇ ಕಿಸೆಯಿಂದ ಚೂರುಗಳನ್ನೆಲ್ಲ ತೆಗೆದು ಬೆಂಚಿನ ಮೇಲೆ ಹರಡಿದ.

ಬಲೆ ಹೊಲಿಯುವುದು ದೊಡ್ಡ ಮಾತಲ್ಲ, ಹರಿದದ್ದನ್ನು ಹರಿದ ಹಾಗೇ ಕಟ್ಟುವುದು ಯಾರ ಕೈಲಾಗುತ್ತದೆ? ಬಚ್ಚ ತಾನು ಹಾಕಿದ ಗಂಟುಗಳನ್ನು ಒಂದೊಂದಾಗಿ ಕಿತ್ತ. ಜೀವಮಾನದಲ್ಲಿ ಗಟ್ಟಿ ಗಂಟನ್ನು ಕಿತ್ತವನಲ್ಲ. ಕಣ್ಣಲ್ಲಿ ನೀರು ಸುರಿಯಿತು. ಆಮೇಲೆ ಒಂದೊಂದೇ ಚೂರನ್ನು ಅದರದರ ಜಾಗಕ್ಕೆ ಕಟ್ಟುತ್ತ ಬಂದ. ಯಾವುದು ಎಲ್ಲಿ ಜೋತಿತ್ತು ಎಂಬುದು ಬಹುಪಾಲು ಅವನ ಕಣ್ಣಲ್ಲೇ ಇತ್ತು. ತಪ್ಪಿದಲ್ಲಿ ಇವೊನ್ ಅವನ ಬೆರಳು ಹಿಡಿದು ಪಕ್ಕಕ್ಕೆ ಸರಿಸಿದಳು. ಆ ತೂತನ್ನು ಅವಳು ನಾಲ್ಕು ವರ್ಷದವಳಿದ್ದಾಗಿನಿಂದ ಬಲ್ಲಳು. ಇಬ್ಬರ ನಡುವೆ ಭಾಷೆಯಿಲ್ಲ. ಶ್ರೀಲತಾ ದೂರ ಕೂತು ನೋಡುತ್ತಿದ್ದಳು. ಸಂಜೆಯ ಗಂಟೆ ಬಾರಿಸುವ ಹೊತ್ತಿಗೆ ಕೆಲಸ ಮುಗಿಯಿತು. ಒಂದು ಚೂರು ಮಾತ್ರ ಎಲ್ಲಿಯದೆಂದು ಇಬ್ಬರಿಗೂ ತಿಳಿಯಲಿಲ್ಲ. ಇವೊನ್ ಅದನ್ನು ತನ್ನ ಪರ್ಸಿಗೆ ಹಾಕಿಕೊಂಡಳು.

ಮರುದಿನ ಇಗರ್ಜಿ ತುಂಬಿತ್ತು. ಇವೊನ್ ಬಲೆಯ ಆಚೆ ನಿಂತಿದ್ದಳು. ಮೀನುಗಾರರು, ರೊಟ್ಟಿ ಮಾರುವವರು, ಸೊಂಟದ ಮೇಲೆ ಮಗು ಹೊತ್ತವರು, ಎಲ್ಲರೂ ತೂತಿನಲ್ಲಿ ಕೈ ತೂರಿಸಿ ಕಡಲಿಗೆ ಹೋದವರ ಒಂದೊಂದು ಹೆಸರು ಹೇಳಿ ಸರಿದರು. ಯಾರೂ ಬಲೆಯನ್ನು ದಿಟ್ಟಿಸಿ ನೋಡಲಿಲ್ಲ, ಯಾರಿಗೂ ಏನೂ ಬೇರೆ ಅನಿಸಲಿಲ್ಲ. ಬಾಗಿಲ ಬಳಿ ಕಳ್ಳನಂತೆ ನಿಂತಿದ್ದ ಬಚ್ಚನಿಗೆ ಆಗ ಉಸಿರು ಬಂತು. ಇನ್ನು ಹೊರಗೆ ಹೋಗಿಬಿಡೋಣ ಅಂತ ತಿರುಗಿದ.

ಬಲೆಯ ಆಚೆಯಿಂದ ಇವೊನ್ ಕೈಸನ್ನೆ ಮಾಡಿ ಕರೆದಳು. ಸಾಲಿನವರು ಅವನಿಗೆ ದಾರಿ ಬಿಟ್ಟರು.

ಬಚ್ಚ ಕೈ ತೂರಿಸಿದ. ಆ ಕಡೆಯಿಂದ ಒಂದು ಕೈ ಬಂದು ಬಿಗಿಯಾಗಿ ಹಿಡಿಯಿತು. ಅದು ಯಾರ ಕೈ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

“ಹ್ವಾಯ್ ನಾಗ,” ಅಂದ. “ಎಷ್ಟ್ ಹೊತ್ತ್ ಮಾಡ್ದೆ ಮಾರಾಯಾ, ಬರೂಕೆ!”

ಅವನು ಕೈ ಬಿಡಲಿಲ್ಲ. ಹಿಂದೆ ಸಾಲಿನಲ್ಲಿದ್ದವರು ಕಾದರು.